ಅಣು ಇರುವುದೆಲ್ಲಿ, ನಾವು ತೋರಿಸುವುದೆಲ್ಲಿ: ಸೂಪರ್ ರೆಸಲ್ಯೂಶನ್ ಡೇಟಾದ ದೋಷ ಹುಡುಕುವ ಸಮಗ್ರ ಮಾರ್ಗದರ್ಶಿ

ಮೈಕ್ರೋಸ್ಕೋಪ್ ಚಿತ್ರಗಳಿಂದ ಒಂದೊಂದು ಅಣುವಿನ ಜಾಗ ಲೆಕ್ಕ ಹಾಕುವ ಥಂಡರ್‌ಸ್ಟಾರ್ಮ್ ಎಂಬ ಸಾಫ್ಟ್‌ವೇರ್‌ನಲ್ಲಿ ಡೇಟಾ ಓಡಿಸಿದ ಮೇಲೆ ಉದ್ದನೆಯ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ‘ಅನ್‌ಸರ್ಟನ್ಟಿ’ ಎಂಬ ಕಾಲಂ. ಪ್ರತಿ ಅಣುವಿನ ಮುಂದೆ ಒಂದು ಸಂಖ್ಯೆ: 7.9, 8.4, 6.1. ಇದರ ಸರಾಸರಿ ತೆಗೆದು “ನಮ್ಮ ಚಿತ್ರದ ರೆಸಲ್ಯೂಶನ್ 8 ನ್ಯಾನೊಮೀಟರ್” ಎಂದು ಥೀಸಿಸ್‌ನಲ್ಲಿ ಬರೆದುಬಿಡುವುದು ರೂಢಿಯಾಗಿದೆ. ಆ ಸಂಖ್ಯೆ ಸುಳ್ಳೇನಲ್ಲ. ಆದರೆ ಅದು ಒಂದೇ ಒಂದು ದೋಷದ ಲೆಕ್ಕ ಕೊಡುತ್ತದೆ, ಫೋಟಾನುಗಳ ಎಣಿಕೆಯಿಂದ ಬರುವ ದೋಷದ್ದು. ಮಾದರಿ ಮೆಲ್ಲಗೆ ಸರಿದದ್ದು, ಹೊಳೆಯುವ ಬಣ್ಣದ ಅಣು (ಡೈ) ಪ್ರೋಟೀನಿನಿಂದ ದೂರ ಕೂತದ್ದು, ಎರಡು ಅಣು ಸೇರಿ ಒಂದಾಗಿ ಕಂಡದ್ದು, ಲೆನ್ಸು ಒಂದು ಬಣ್ಣವನ್ನು ಪಕ್ಕಕ್ಕೆ ಎಳೆದದ್ದು, ಇವು ಯಾವುವೂ ಆ ಕಾಲಮ್ಮಿಗೆ ಗೊತ್ತೇ ಆಗುವುದಿಲ್ಲ. ಅವನ್ನು ನಾವೇ ಒಂದೊಂದಾಗಿ ಅಳೆಯಬೇಕು. ಹೇಗೆ ಅಳೆಯಬೇಕೆಂದು ಇಲ್ಲಿ ಬರೆದಿದ್ದೇನೆ.

ಮನಸ್ಸಿನಲ್ಲಿಟ್ಟುಕೊಂಡಿರುವ ಓದುಗರು ಕಲಬುರಗಿ, ಬೀದರ್, ಯಾದಗಿರಿ ಕಡೆಯ ಎಂಎಸ್ಸಿ, ಪಿಎಚ್‌ಡಿ ವಿದ್ಯಾರ್ಥಿಗಳು. ನಮ್ಮ ಕಡೆಯವರು ಸಾಮಾನ್ಯವಾಗಿ ಮಾದರಿಯನ್ನು ಇಲ್ಲಿ ತಯಾರಿಸಿಕೊಂಡು, ಹೈದರಾಬಾದಿಗೋ ಬೆಂಗಳೂರಿಗೋ ರೈಲು ಹತ್ತಿ, ಸಿಕ್ಕ ಸ್ಲಾಟ್‌ನಲ್ಲಿ ಚಿತ್ರ ತೆಗೆದು, ಹಾರ್ಡ್ ಡಿಸ್ಕ್ ತುಂಬಿಸಿಕೊಂಡು ಬಂದು ಮನೆಯಲ್ಲಿ ಕೂತು ವಿಶ್ಲೇಷಣೆ ಮಾಡುತ್ತಾರೆ. ಮೈಕ್ರೋಸ್ಕೋಪ್ ಪಕ್ಕದ ಕೋಣೆಯಲ್ಲಿದ್ದವರು ಮರುದಿನ ಹೋಗಿ ಬಿಟ್ಟುಹೋದ ಫೈಲು ತರಬಹುದು, ನಮಗೆ ಅದು ಆಗದು. ಆದ್ದರಿಂದ ಕ್ರಮವನ್ನೂ ಹಾಗೆಯೇ ಇಟ್ಟಿದ್ದೇನೆ: ಹೊರಡುವ ಮೊದಲು, ಯಂತ್ರದ ಮುಂದೆ, ಮನೆಗೆ ಬಂದ ಮೇಲೆ.

ಮೊದಲು ಎರಡು ಮಾತು ತತ್ವ

ಸಾಮಾನ್ಯ ಮೈಕ್ರೋಸ್ಕೋಪಿನ ಮಿತಿಯನ್ನು ಅರ್ನ್‌ಸ್ಟ್ ಅಬ್ಬೆ 1873ರಲ್ಲೇ ಹೇಳಿಟ್ಟರು. ಬೆಳಕಿನ ತರಂಗಾಂತರವನ್ನು ಆಬ್ಜೆಕ್ಟಿವ್‌ನ ನ್ಯೂಮರಿಕಲ್ ಅಪರ್ಚರ್‌ನ ಎರಡರಷ್ಟರಿಂದ ಭಾಗಿಸಿ. 670 ನ್ಯಾನೊಮೀಟರಿನ ಕೆಂಪು ಬೆಳಕು, 1.4 ಅಪರ್ಚರ್ ಎಂದರೆ ಸುಮಾರು 240 ನ್ಯಾನೊಮೀಟರ್. ಇದಕ್ಕಿಂತ ಹತ್ತಿರದ ಎರಡು ಅಣುಗಳು ಒಂದೇ ಮಚ್ಚೆಯಾಗಿ ಕಾಣುತ್ತವೆ. 2006ರಲ್ಲಿ ಬಂದ ಪಾಮ್ ಮತ್ತು ಸ್ಟಾರ್ಮ್ ವಿಧಾನಗಳು ಈ ಮಿತಿಯನ್ನು ಮುರಿಯಲಿಲ್ಲ, ಅದರ ಪಕ್ಕದಿಂದ ದಾರಿ ಮಾಡಿಕೊಂಡವು. ಎಲ್ಲ ಅಣುಗಳನ್ನೂ ಒಮ್ಮೆಲೇ ಬೆಳಗಿಸುವ ಬದಲು ಕೆಲವನ್ನು ಮಾತ್ರ ಮಿನುಗಿಸಿ, ಒಂದೊಂದು ಮಚ್ಚೆಯ ನಡುವೆಲ್ಲಿ ಎಂದು ಲೆಕ್ಕ ಹಾಕಿ, ಸಾವಿರಾರು ಫ್ರೇಮುಗಳ ಲೆಕ್ಕವನ್ನು ಒಂದೇ ನಕ್ಷೆಯಲ್ಲಿ ಚುಕ್ಕಿಗಳಾಗಿ ಇಡುವುದು. ಡಿಎನ್‌ಎ-ಪೇಂಟ್ ಕೂಡ ಇದೇ ಜಾತಿಯದು. 2014ರ ರಸಾಯನಶಾಸ್ತ್ರದ ನೊಬೆಲ್ ಬೆಟ್ಜಿಗ್, ಹೆಲ್, ಮೋರ್ನರ್ ಮೂವರಿಗೆ ಬಂದದ್ದು ಈ ಕ್ಷೇತ್ರಕ್ಕಾಗಿಯೇ.

ಸಣ್ಣ ತೂತು ಬಿದ್ದ ತೊಗರಿ ಚೀಲವನ್ನು ನೆನಪಿಸಿಕೊಳ್ಳಿ. ಕೆಳಗೆ ಬಿದ್ದ ಕಾಳುಗಳ ರಾಶಿ ನೋಡಿ ತೂತು ಎಲ್ಲಿತ್ತೆಂದು ಹೇಳಬೇಕು. ಹತ್ತು ಕಾಳು ಬಿದ್ದಿದ್ದರೆ ಅಂದಾಜು ಅತ್ತಿತ್ತ ಆಗುತ್ತದೆ, ಸಾವಿರ ಬಿದ್ದಿದ್ದರೆ ನಡುವೆ ಚೆನ್ನಾಗಿ ತಿಳಿಯುತ್ತದೆ. ಆದರೆ ಗಾಳಿ ಒಂದೇ ಕಡೆಗೆ ಬೀಸುತ್ತಿದ್ದರೆ? ಕಾಳು ಹೆಚ್ಚಾದಷ್ಟೂ ನೀವು ತಪ್ಪು ಜಾಗವನ್ನೇ ಹೆಚ್ಚು ಧೈರ್ಯದಿಂದ ತೋರಿಸುತ್ತೀರಿ.

ದೋಷಗಳು ಈ ಎರಡೇ ಬಗೆ. ಒಂದು ಚದುರು: ಅಳತೆ ನಿಜದ ಸುತ್ತ ಹರಡುತ್ತದೆ, ಫೋಟಾನು ಹೆಚ್ಚಾದರೆ ಕಡಿಮೆಯಾಗುತ್ತದೆ. ಇನ್ನೊಂದು ಓರೆ: ಅಳತೆ ಪೂರ್ತಿಯಾಗಿ ಒಂದು ಕಡೆಗೆ ವಾಲುತ್ತದೆ, ಫೋಟಾನು ಎಷ್ಟಾದರೂ ಕಡಿಮೆಯಾಗುವುದಿಲ್ಲ. ಸಾಫ್ಟ್‌ವೇರ್ ಕೊಡುವುದು ಚದುರಿನ ಲೆಕ್ಕ. ನಮ್ಮ ತೀರ್ಮಾನಗಳನ್ನು ಕೆಡಿಸುವುದು ಹೆಚ್ಚಾಗಿ ಓರೆ.

ಹೆಜ್ಜೆ 1: ಊರು ಬಿಡುವ ಮೊದಲೇ ಮಾದರಿಯಲ್ಲಿರುವ ದೋಷ

ಅತಿ ದೊಡ್ಡ ದೋಷ ಮೈಕ್ರೋಸ್ಕೋಪಿನಲ್ಲಿ ಹುಟ್ಟುವುದಿಲ್ಲ, ನಿಮ್ಮ ವೆಟ್ ಲ್ಯಾಬಿನ ಬೆಂಚಿನ ಮೇಲೆ ಹುಟ್ಟುತ್ತದೆ. ಒಂದು ಆಂಟಿಬಾಡಿಯ ಉದ್ದ ಸುಮಾರು 10 ನ್ಯಾನೊಮೀಟರ್. ಪ್ರೋಟೀನನ್ನು ಹಿಡಿಯುವ ಪ್ರೈಮರಿ ಆಂಟಿಬಾಡಿಯ ಮೇಲೆ, ಅದನ್ನು ಹಿಡಿಯುವ ಸೆಕೆಂಡರಿ ಕೂರಿಸಿ, ಅದರ ತುದಿಯಲ್ಲಿ ಡೈ ಇಟ್ಟರೆ ನೀವು ಅಳೆಯುವ ಜಾಗ ಪ್ರೋಟೀನಿನಿಂದ ಹದಿನೈದು, ಇಪ್ಪತ್ತು ನ್ಯಾನೊಮೀಟರ್ ಆಚೆ ಇರಬಹುದು. ಇದಕ್ಕೆ ಒಳ್ಳೆಯ ಸಾಕ್ಷಿ ಮೈಕ್ರೊಟ್ಯೂಬ್ಯೂಲ್. ಅದರ ನಿಜವಾದ ವ್ಯಾಸ 25 ನ್ಯಾನೊಮೀಟರ್. ಪ್ರೈಮರಿ-ಸೆಕೆಂಡರಿ ಹಚ್ಚಿ ಸ್ಟಾರ್ಮ್ ಮಾಡಿದರೆ ಸುಮಾರು 60 ನ್ಯಾನೊಮೀಟರ್ ಅಗಲ ಕಾಣುತ್ತದೆ. ಯಂತ್ರ ಸರಿಯಾಗಿಯೇ ಅಳೆದಿದೆ, ಆದರೆ ಅಳೆದದ್ದು ಆಂಟಿಬಾಡಿಯ ಹೊರಮೈಯನ್ನು. ಖರ್ಚಿಗೆ ಒಗ್ಗುವುದಾದರೆ ಡೈ ನೇರವಾಗಿ ಜೋಡಿಸಿದ ಪ್ರೈಮರಿ, ಇಲ್ಲವೇ ಎರಡರಿಂದ ನಾಲ್ಕು ನ್ಯಾನೊಮೀಟರಿನ ನ್ಯಾನೊಬಾಡಿ (ಪುಟ್ಟ ಆಂಟಿಬಾಡಿ ತುಣುಕು), ಇಲ್ಲವೇ ಸ್ನಾಪ್ ಟ್ಯಾಗ್ (ಡೈಯನ್ನು ಹಿಡಿಯಲು ಪ್ರೋಟೀನಿಗೇ ಜೋಡಿಸುವ ಕೊಂಡಿ) ಬಳಸಿ. ಒಗ್ಗದಿದ್ದರೆ ಸೆಕೆಂಡರಿಯನ್ನೇ ಬಳಸಿ, ಆದರೆ ಆ ದೂರವನ್ನು ಕೊನೆಯ ಲೆಕ್ಕದಲ್ಲಿ ಸೇರಿಸಿ. ಬಡತನಕ್ಕೆ ನಾಚಬೇಕಿಲ್ಲ, ಲೆಕ್ಕ ಬಿಟ್ಟದ್ದಕ್ಕೆ ನಾಚಬೇಕು.

ಎರಡನೆಯದು ಲೇಬಲ್‌ನ ದಟ್ಟಣೆ. 20 ನ್ಯಾನೊಮೀಟರಿನ ವಿವರ ಕಾಣಬೇಕಾದರೆ ಪ್ರತಿ 10 ನ್ಯಾನೊಮೀಟರಿಗೆ ಒಂದಾದರೂ ಲೇಬಲ್ ಬೇಕು, ಇದು ನೈಕ್ವಿಸ್ಟ್ ನಿಯಮ. ದಟ್ಟಣೆ ಕಡಿಮೆಯಾದರೆ ಒಂದೊಂದು ಚುಕ್ಕಿಯ ಜಾಗ ಎಷ್ಟೇ ಸರಿಯಿದ್ದರೂ ಚಿತ್ರ ಹರಿದ ಜಾಳಿಗೆಯಾಗುತ್ತದೆ.

ಫಿಕ್ಸೇಶನ್ (ಕೋಶವನ್ನು ರಾಸಾಯನಿಕದಿಂದ ಇದ್ದಂತೆಯೇ ಹಿಡಿದಿಡುವುದು) ಬಗ್ಗೆ ಅನೇಕರು ಯೋಚಿಸುವುದೇ ಇಲ್ಲ. ಬರೀ ಪ್ಯಾರಾಫಾರ್ಮಾಲ್ಡಿಹೈಡ್ ಹಾಕಿದರೆ ಪೊರೆಯ ಕೆಲವು ಪ್ರೋಟೀನುಗಳು ಇನ್ನೂ ಓಡಾಡುತ್ತಲೇ ಇರುತ್ತವೆ. ಚಿತ್ರ ತೆಗೆಯಲು ಇಪ್ಪತ್ತು ನಿಮಿಷ ಹಿಡಿದರೆ ಆ ಓಡಾಟವೂ ನಿಮ್ಮ ದೋಷವೇ. ಸ್ವಲ್ಪ ಗ್ಲೂಟರಾಲ್ಡಿಹೈಡ್ ಸೇರಿಸಿದರೆ ಬಿಗಿಯಾಗುತ್ತದೆ, ಜೊತೆಗೆ ಹಿನ್ನೆಲೆ ಬೆಳಕೂ ಏರುತ್ತದೆ. ಅದನ್ನು ಸೋಡಿಯಂ ಬೋರೋಹೈಡ್ರೈಡ್‌ನಿಂದ ಇಳಿಸಬೇಕು.

ಕವರ್‌ಸ್ಲಿಪ್ ಕೊಳ್ಳುವಾಗ ದಪ್ಪ 170 ಮೈಕ್ರೊಮೀಟರ್ ಇರುವ, ಅಳತೆ ಬಿಗಿಯಾಗಿರುವ ‘1.5 ಎಚ್’ ದರ್ಜೆಯದನ್ನೇ ಕೇಳಿ. ಹತ್ತಿರದ ಸರ್ಜಿಕಲ್ ಅಂಗಡಿಯ ಅಗ್ಗದ ಪೊಟ್ಟಣದಲ್ಲಿ ಒಂದು ಗಾಜಿನಿಂದ ಇನ್ನೊಂದಕ್ಕೆ ದಪ್ಪ ಬದಲಾಗುತ್ತದೆ, ಬದಲಾದಂತೆ ಮಚ್ಚೆಯ ಆಕಾರವೂ ಬದಲಾಗುತ್ತದೆ.

ಪ್ರಯಾಣ ಬೇಸಿಗೆಯಲ್ಲಿದ್ದರೆ ಐಸ್ ಬಾಕ್ಸ್ ತಪ್ಪಿಸಬೇಡಿ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು, ನಿಂತ ಬಸ್ಸಿನೊಳಗೆ ಇನ್ನೂ ಹೆಚ್ಚು. ಡಿಶ್‌ನ ಅಂಚಿಗೆ ಪ್ಯಾರಾಫಿಲ್ಮ್ ಸುತ್ತಿ, ಬಫರ್ ಆರದಂತೆ ತುಂಬಿಸಿ. ಮಿನುಗಿಸುವ ಬಫರ್ ಅನ್ನು ಮಾತ್ರ ಇಲ್ಲಿಂದ ಕಲಸಿಕೊಂಡು ಹೋಗಬೇಡಿ. ಗ್ಲೂಕೋಸ್ ಆಕ್ಸಿಡೇಸ್, ಕ್ಯಾಟಲೇಸ್ ಇರುವ ಬಫರ್ ಆಮ್ಲಜನಕ ಹೀರುತ್ತಲೇ ಗ್ಲೂಕೋನಿಕ್ ಆಮ್ಲ ಬಿಡುತ್ತದೆ, ಪಿಎಚ್ ಇಳಿಯುತ್ತಾ ಹೋಗುತ್ತದೆ, ಮಿನುಗು ಕೆಡುತ್ತದೆ. ಪುಡಿಗಳನ್ನು ಬೇರೆ ಬೇರೆ ಒಯ್ದು ಯಂತ್ರದ ಪಕ್ಕದಲ್ಲೇ ಕಲಸಿ.

ಹೆಜ್ಜೆ 2: ಸ್ಲಾಟಿನ ಮೊದಲ ಅರ್ಧ ತಾಸು

ಈ ಅರ್ಧ ತಾಸಿನಲ್ಲಿ ನಿಮ್ಮ ಮಾದರಿಯನ್ನು ಮುಟ್ಟಬೇಡಿ. ಸ್ಲಾಟಿಗೆ ದುಡ್ಡು ಕೊಟ್ಟಿರುತ್ತೀರಿ, ಕೈ ತುರಿಸುತ್ತದೆ, ಆದರೂ ಬೇಡ. ಈಗ ತೆಗೆದುಕೊಳ್ಳುವ ನಾಲ್ಕು ಫೈಲುಗಳಿಲ್ಲದಿದ್ದರೆ ಮುಂದಿನ ಯಾವ ಪರೀಕ್ಷೆಯೂ ಆಗುವುದಿಲ್ಲ.

ಒಂದು, ಕತ್ತಲೆಯ ಫ್ರೇಮುಗಳು. ಕ್ಯಾಮೆರಾದ ಶಟರ್ ಮುಚ್ಚಿ, ನೀವು ಬಳಸುವ ಎಕ್ಸ್‌ಪೋಶರ್ ಸಮಯದಲ್ಲೇ ಐನೂರು, ಸಾವಿರ ಫ್ರೇಮ್. ಸಿಮಾಸ್ ಕ್ಯಾಮೆರಾ ಆದರೆ ಇದು ಇನ್ನೂ ಮುಖ್ಯ, ಏಕೆಂದರೆ ಅದರಲ್ಲಿ ಪ್ರತಿ ಪಿಕ್ಸೆಲ್‌ಗೂ ತನ್ನದೇ ಗದ್ದಲವಿರುತ್ತದೆ. ಕೆಲವು ಪಿಕ್ಸೆಲ್ ಬೆಳಕಿಲ್ಲದಿದ್ದರೂ ಉರಿಯುತ್ತವೆ, ಸಾಫ್ಟ್‌ವೇರ್ ಅದನ್ನು ಅಣು ಎಂದು ನಂಬುತ್ತದೆ.

ಎರಡು, ಒಂದೇ ಸಮನಾದ ಬೆಳಕನ್ನು ನಾಲ್ಕೈದು ಪ್ರಮಾಣದಲ್ಲಿ ಕೊಟ್ಟು ಪ್ರತಿಯೊಂದಕ್ಕೂ ನೂರಿನ್ನೂರು ಫ್ರೇಮ್. ಇದರಿಂದ ಕ್ಯಾಮೆರಾದ ಎಣಿಕೆಯನ್ನು ಫೋಟಾನಿಗೆ ಪರಿವರ್ತಿಸುವ ದರ ಸಿಗುತ್ತದೆ.

ಮೂರು, ಕವರ್‌ಸ್ಲಿಪ್‌ಗೆ ಅಂಟಿಸಿದ 100 ನ್ಯಾನೊಮೀಟರಿನ ಬಹುವರ್ಣ ಬೀಡುಗಳ (ಹೊಳೆಯುವ ಪುಟ್ಟ ಮಣಿಗಳ) ಚಿತ್ರ. ಫೋಕಸ್‌ನ ಕೆಳಗಿನಿಂದ ಮೇಲಕ್ಕೆ 20 ರಿಂದ 50 ನ್ಯಾನೊಮೀಟರಿನ ಮೆಟ್ಟಿಲಿನಲ್ಲಿ, ಬಳಸುವ ಎಲ್ಲ ಬಣ್ಣಗಳಲ್ಲೂ. ಬೀಡು ನಡುವಿನಲ್ಲಷ್ಟೇ ಇದ್ದರೆ ಸಾಲದು, ಮೂಲೆಗಳಲ್ಲೂ ಬೇಕು.

ನಾಲ್ಕು, ಪಿಕ್ಸೆಲ್ ಅಳತೆ. ಆಪರೇಟರ್ ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡು ಬರಬೇಡಿ. ಸ್ಟೇಜ್ ಮೈಕ್ರೊಮೀಟರ್ (ಅಳತೆಯ ಗೆರೆಗಳಿರುವ ಗಾಜು) ಇಟ್ಟು ಒಂದು ಚಿತ್ರ ತೆಗೆದುಕೊಳ್ಳಿ. ಪಿಕ್ಸೆಲ್ 100 ಎಂದುಕೊಂಡದ್ದು 104 ಆಗಿದ್ದರೆ ನಿಮ್ಮ ಎಲ್ಲ ದೂರಗಳೂ ನೂರಕ್ಕೆ ನಾಲ್ಕರಷ್ಟು ತಪ್ಪು, ಆ ತಪ್ಪು ಮುಂದಿನ ಹೆಚ್ಚಿನ ಪರೀಕ್ಷೆಗಳಿಗೆ ಸಿಗುವುದಿಲ್ಲ.

ಹೆಜ್ಜೆ 3: ಡ್ರಿಫ್ಟ್

ಡ್ರಿಫ್ಟ್ ಎಂದರೆ ಚಿತ್ರ ತೆಗೆಯುತ್ತಿರುವಾಗಲೇ ಮಾದರಿ ಮೆಲ್ಲಗೆ ಸರಿಯುವುದು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನಮ್ಮ ಹವೆಯಲ್ಲಿ ಇದೇ ಮೊದಲ ಶತ್ರು.

ಅಲ್ಯೂಮಿನಿಯಂ ಒಂದು ಡಿಗ್ರಿ ಕಾದರೆ ಪ್ರತಿ ಮೀಟರಿಗೆ ಸುಮಾರು 23 ಮೈಕ್ರೊಮೀಟರ್ ಹಿಗ್ಗುತ್ತದೆ. ಹತ್ತು ಸೆಂಟಿಮೀಟರಿನ ಸ್ಟೇಜ್ ಭಾಗ ಎಂದರೆ 2.3 ಮೈಕ್ರೊಮೀಟರ್. ನೂರರಲ್ಲೊಂದು ಡಿಗ್ರಿಗೆ 23 ನ್ಯಾನೊಮೀಟರ್! ಆಬ್ಜೆಕ್ಟಿವ್ ಹಿಡಿದಿರುವ ಭಾಗವೂ ಜೊತೆಯಲ್ಲೇ ಹಿಗ್ಗುವುದರಿಂದ ಪೂರ್ತಿ ಇಷ್ಟು ಕಾಣುವುದಿಲ್ಲ, ಆದರೂ ನಿಮ್ಮ 8 ನ್ಯಾನೊಮೀಟರ್ ಎಂಥ ತೆಳುವಾದ ನೆಲದ ಮೇಲೆ ನಿಂತಿದೆ ಎಂದು ಇದರಿಂದ ತಿಳಿಯುತ್ತದೆ.

ಮಾದರಿಯಲ್ಲಿ ಅಂಟಿಸಿದ ಬೀಡು ಹೋದ ದಾರಿಯನ್ನು ಸಮಯದ ಎದುರು ಗೀಚಿ ನೋಡಿದರೆ ಕೋಣೆಯ ಕಥೆ ಪೂರ್ತಿ ಅಲ್ಲಿರುತ್ತದೆ. ಮೊದಲ ಹತ್ತು ಹದಿನೈದು ನಿಮಿಷ ಒಂದೇ ಕಡೆಗೆ ಜಾರುವುದು ಮಾದರಿ ಇನ್ನೂ ಕೋಣೆಯ ಹದಕ್ಕೆ ಬಂದಿಲ್ಲವೆಂಬ ಗುರುತು. ಗರಗಸದ ಹಲ್ಲಿನಂತೆ ಏರಿಳಿತ, ಪ್ರತಿ ಕೆಲವು ನಿಮಿಷಕ್ಕೊಮ್ಮೆ ಮರುಕಳಿಸುತ್ತಿದ್ದರೆ ಎಸಿಯ ಕಂಪ್ರೆಸರ್ ಚಾಲೂ ಆಗಿ ಬಂದ್ ಆಗುತ್ತಿದೆ. ಥಟ್ಟನೆ ಒಂದು ಜಿಗಿತ ಇದ್ದರೆ ಯಾರೋ ಮೇಜಿಗೆ ಕೈ ತಾಗಿಸಿದ್ದಾರೆ, ಇಲ್ಲವೇ ಕೇಬಲ್ ಎಳೆದಿದೆ. ಕರೆಂಟು ಹೋಗಿದ್ದರೆ ಇನ್ನೊಂದು ತಮಾಷೆ: ಯುಪಿಎಸ್ ಮೇಲೆ ಕ್ಯಾಮೆರಾ, ಲೇಸರ್ ಎರಡೂ ಓಡುತ್ತಲೇ ಇರುತ್ತವೆ, ಎಸಿ ಮಾತ್ರ ನಿಂತಿರುತ್ತದೆ. ಕಂಪ್ಯೂಟರಿನ ಪರದೆಯಲ್ಲಿ ಏನೂ ಆಗಿಲ್ಲವೆಂಬಂತೆ ಫ್ರೇಮ್ ಸಂಖ್ಯೆ ಏರುತ್ತದೆ, ಕೋಣೆ ಬಿಸಿಯಾಗುತ್ತದೆ, ಚಿತ್ರ ಬಾಲ ಎಳೆಯುತ್ತದೆ. ಕರೆಂಟು ಹೋದ ಕ್ಷಣದ ಫ್ರೇಮ್ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಆಮೇಲಿನದನ್ನು ಕತ್ತರಿಸಿ ಹಾಕಬೇಕಾಗಬಹುದು.

ಕಲಬುರಗಿ, ಬೀದರ್ ಕಡೆ ಯಾರಾದರೂ ಸ್ವಂತ ಸೆಟಪ್ ಕಟ್ಟುವ ಯೋಚನೆಯಲ್ಲಿದ್ದರೆ ಒಂದು ಮಾತು. ಆ ಕೋಣೆಗೆ ಏರ್ ಕೂಲರ್ ಬೇಡವೇ ಬೇಡ. ಒದ್ದೆ ಗಾಳಿ ನೇರ ಸ್ಟೇಜಿಗೆ ಬಡಿಯುತ್ತದೆ, ಉಷ್ಣತೆ ಅಳೆಯಲು ಬಾರದಂತೆ ಕುಣಿಯುತ್ತದೆ, ಆಪ್ಟಿಕ್ಸ್ ಮೇಲೆ ತೇವ ಕೂರುತ್ತದೆ. ನೆಲಮಹಡಿಯ, ಹೊರಗೋಡೆ ಇಲ್ಲದ ಕೋಣೆ ಹುಡುಕಿ. ಎಸಿಯನ್ನು ಹಿಂದಿನ ರಾತ್ರಿಯಿಂದಲೇ ಓಡಿಸಿ, ಇನ್ವರ್ಟರ್ ಮಾದರಿಯ ಎಸಿ ಆದರೆ ಗರಗಸದ ಹಲ್ಲು ಮೊಂಡಾಗುತ್ತದೆ. ಸ್ಟೇಜಿನ ಸುತ್ತ ಅಕ್ರಿಲಿಕ್ ಡಬ್ಬ ಮಾಡಿಸಿ ಮುಚ್ಚಿದರೆ ಇನ್ನೂ ಒಳ್ಳೆಯದು, ಅದನ್ನು ಸ್ಥಳೀಯ ಅಂಗಡಿಯಲ್ಲೇ ಮಾಡಿಸಬಹುದು. ಕೆಳಗೆ ಎಂಥ ಗಟ್ಟಿ ಶಹಾಬಾದ್ ಪರಶಿ ಹಾಸಿದ್ದರೂ ಕಂಪನ ತಡೆಯುವ ಮೇಜನ್ನು ಬಿಡುವಂತಿಲ್ಲ.

ಸರಿಪಡಿಸುವ ಕ್ರಮ ಹೀಗೆ. ಮಾದರಿಯಲ್ಲೇ ಚಿನ್ನದ ನ್ಯಾನೊಕಣ ಅಥವಾ ಬೀಡುಗಳನ್ನು ಹಾಕಿ, ಒಂದು ದೃಶ್ಯದಲ್ಲಿ ಕನಿಷ್ಠ ಮೂರಾದರೂ ಇರಲಿ. ಒಂದೇ ಒಂದು ಬೀಡನ್ನು ನಂಬಿದರೆ, ಅದು ಸಡಿಲವಾಗಿ ಅಂಟಿಕೊಂಡು ಅಲ್ಲಾಡುತ್ತಿದ್ದರೂ ಆ ಅಲ್ಲಾಟವನ್ನೇ ಇಡೀ ಚಿತ್ರದ ಮೇಲೆ ಹೇರುತ್ತೀರಿ. ಅದೂ ಅಲ್ಲದೆ ಬೀಡಿನ ಸ್ವಂತ ಚದುರು ಎಲ್ಲ ಅಣುಗಳಿಗೂ ಹಂಚಿಹೋಗುತ್ತದೆ. ಮೂರು ಬೀಡುಗಳ ದಾರಿಯನ್ನು ಒಂದರ ಮೇಲೊಂದು ಗೀಚಿ. ಮೂರೂ ಕೂಡಿ ನಡೆದರೆ ಸರಾಸರಿ ತೆಗೆದು ಕಳೆಯಿರಿ, ಒಂದು ಬೇರೆ ದಾರಿ ಹಿಡಿದಿದ್ದರೆ ಅದನ್ನು ಕೈಬಿಡಿ. ಕಳೆದ ಮೇಲೆ ಉಳಿಯುವ ವ್ಯತ್ಯಾಸವೇ ‘ಉಳಿಕೆ ಡ್ರಿಫ್ಟ್’, ಅದರ ಸ್ಟ್ಯಾಂಡರ್ಡ್ ಡೀವಿಯೇಶನ್ ಬರೆದಿಟ್ಟುಕೊಳ್ಳಿ.

ಬೀಡು ಹಾಕುವುದನ್ನು ಮರೆತು ಬಂದವರಿಗೆ ಕ್ರಾಸ್ ಕೋರಿಲೇಶನ್ ಇದೆ. ಡೇಟಾವನ್ನು ಕೆಲವು ಸಾವಿರ ಫ್ರೇಮುಗಳ ತುಂಡು ಮಾಡಿ, ಒಂದು ತುಂಡಿನ ಚಿತ್ರ ಇನ್ನೊಂದರ ಮೇಲೆ ಎಷ್ಟು ಸರಿಸಿದರೆ ಕೂರುತ್ತದೆಂದು ನೋಡುತ್ತದೆ. ಥಂಡರ್‌ಸ್ಟಾರ್ಮ್, ಪಿಕಾಸೊ ಎರಡೂ ಸಾಫ್ಟ್‌ವೇರ್‌ಗಳಲ್ಲಿ ಇದೆ. ನಿಧಾನದ ಜಾರಿಕೆಗೆ ಚೆನ್ನಾಗಿ ನಡೆಯುತ್ತದೆ, ಆದರೆ ಒಂದು ತುಂಡಿನೊಳಗೇ ನಡೆದುಹೋಗುವ ಎಸಿ ಏರಿಳಿತ ಅದಕ್ಕೆ ಕಾಣುವುದಿಲ್ಲ.

ಹೆಜ್ಜೆ 4: ಮನೆಗೆ ಬಂದು ಮೊದಲು ಮಾಡುವ ಲೆಕ್ಕ

ಥಂಡರ್‌ಸ್ಟಾರ್ಮ್ ತೆರೆದ ಕೂಡಲೇ ಕ್ಯಾಮೆರಾ ಸೆಟಪ್‌ಗೆ ಹೋಗಿ. ಪಿಕ್ಸೆಲ್ ಅಳತೆ, ಒಂದು ಎಣಿಕೆಗೆ ಎಷ್ಟು ಫೋಟೊಇಲೆಕ್ಟ್ರಾನ್, ಬೇಸ್ ಲೆವೆಲ್, ಇಎಂ ಗೇನ್ (ಇಎಂಸಿಸಿಡಿ ಬಗೆಯ ಕ್ಯಾಮೆರಾ ಸಂಕೇತವನ್ನು ಹಿಗ್ಗಿಸುವ ಪಟ್ಟು), ಈ ನಾಲ್ಕರಲ್ಲೂ ಮೊದಲೇ ತುಂಬಿರುವ ಸಂಖ್ಯೆಗಳು ಬೇರೆ ಯಾರದೋ ಕ್ಯಾಮೆರಾದವು. ಅವನ್ನು ಹಾಗೇ ಬಿಟ್ಟು ಮುಂದೆ ಒತ್ತಿದರೆ ಸಾಫ್ಟ್‌ವೇರ್ ತಕರಾರು ಮಾಡುವುದಿಲ್ಲ, ಸುಮ್ಮನೆ ತಪ್ಪು ಫೋಟಾನ್ ಎಣಿಸುತ್ತದೆ. ಫೋಟಾನ್ ನಾಲ್ಕು ಪಟ್ಟು ತಪ್ಪಿದರೆ ಅನ್‌ಸರ್ಟನ್ಟಿ ಸುಮಾರು ಎರಡು ಪಟ್ಟು ತಪ್ಪುತ್ತದೆ.

ಬೇಸ್ ಲೆವೆಲ್ ಕತ್ತಲೆಯ ಫ್ರೇಮುಗಳ ಸರಾಸರಿ. ಪರಿವರ್ತನೆಯ ದರಕ್ಕೆ, ಸಮ ಬೆಳಕಿನ ಫ್ರೇಮುಗಳಲ್ಲಿ ಪ್ರತಿ ಪಿಕ್ಸೆಲ್‌ನ ಸರಾಸರಿ ಮತ್ತು ವೇರಿಯನ್ಸ್ ತೆಗೆದು ಒಂದರ ಎದುರು ಇನ್ನೊಂದನ್ನು ಗೀಚಿ. ಬರುವ ಗೆರೆಯ ಇಳಿಜಾರೇ ಒಂದು ಇಲೆಕ್ಟ್ರಾನಿಗೆ ಎಷ್ಟು ಎಣಿಕೆ ಎಂಬುದು, ತಲೆಕೆಳಗು ಮಾಡಿದರೆ ಬೇಕಾದ ಸಂಖ್ಯೆ. ಇದು ಇಎಂ ಗೇನ್ ಬಂದ್ ಇಟ್ಟು ತೆಗೆದ ಫ್ರೇಮುಗಳಿಗೆ ಹೊಂದುವ ಲೆಕ್ಕ.

ಈಗ ಒಂದು ಅಣುವಿಗೆ ಕೈಯಲ್ಲೇ ಲೆಕ್ಕ ಮಾಡೋಣ. 2002ರಲ್ಲಿ ಥಾಂಪ್ಸನ್, ಲಾರ್ಸನ್, ವೆಬ್ ಕೊಟ್ಟ ಸೂತ್ರವನ್ನು 2010ರಲ್ಲಿ ಮಾರ್ಟೆನ್ಸನ್ ಮತ್ತು ಸಂಗಡಿಗರು ತಿದ್ದಿದರು, ತಿದ್ದಿದ್ದನ್ನೇ ಬಳಸುತ್ತೇನೆ. ಮಚ್ಚೆಯ ಗಾಸಿಯನ್ (ಗಂಟೆಯಾಕಾರದ ಗೆರೆಯ) ಅಗಲ, ಅಂದರೆ ಅದರ ಸ್ಟ್ಯಾಂಡರ್ಡ್ ಡೀವಿಯೇಶನ್, 130 ನ್ಯಾನೊಮೀಟರ್, ಅದರ ವರ್ಗ 16,900. ಪಿಕ್ಸೆಲ್ 100, ಅದರ ವರ್ಗವನ್ನು 12ರಿಂದ ಭಾಗಿಸಿದರೆ 833. ಕೂಡಿಸಿದರೆ 17,733. ಅಣು ಕೊಟ್ಟದ್ದು 1,000 ಫೋಟಾನ್, ಭಾಗಿಸಿದರೆ 17.7. ಇದನ್ನು ಒಂದು ಆವರಣದಿಂದ ಗುಣಿಸಬೇಕು. ಆವರಣದ ಮೊದಲ ಪಾಲು 16/9, ಅಂದರೆ 1.78. ಎರಡನೆಯದು ಹಿನ್ನೆಲೆಯ ಪಾಲು: 8 × ಪೈ × 17,733 × ಪ್ರತಿ ಪಿಕ್ಸೆಲ್‌ನ ಹಿನ್ನೆಲೆ ಫೋಟಾನ್, ಇದನ್ನು ಫೋಟಾನ್ × ಪಿಕ್ಸೆಲ್‌ನ ವರ್ಗದಿಂದ ಭಾಗಿಸಿ. ಹಿನ್ನೆಲೆ 10 ಆದರೆ 0.45. ಒಟ್ಟು 2.22 × 17.7 = 39.4, ವರ್ಗಮೂಲ 6.3 ನ್ಯಾನೊಮೀಟರ್.

ಹಿನ್ನೆಲೆಯನ್ನು 10ರಿಂದ 100ಕ್ಕೆ ಏರಿಸಿ, ಉತ್ತರ 10.5 ಆಗುತ್ತದೆ. ಹಿನ್ನೆಲೆ 10 ಇಟ್ಟು ಫೋಟಾನ್ 4,000 ಮಾಡಿ, 2.9ಕ್ಕೆ ಇಳಿಯುತ್ತದೆ. ಇಎಂಸಿಸಿಡಿ ಕ್ಯಾಮೆರಾದ ಗುಣಕ ಗದ್ದಲ ವೇರಿಯನ್ಸ್ ಅನ್ನು ಇಮ್ಮಡಿ ಮಾಡುವುದರಿಂದ ಮೊದಲ ಉತ್ತರ 6.3ರಿಂದ 8.9 ಆಗುತ್ತದೆ. ಅಲೆಕ್ಸಾ 647ರಂಥ ಡೈ ಒಂದು ಮಿನುಗಿಗೆ ಸಾವಿರಾರು ಫೋಟಾನ್ ಕೊಟ್ಟರೆ ಬೆಳಗುವ ಪ್ರೋಟೀನುಗಳು ಕೆಲವು ನೂರಷ್ಟೇ ಕೊಡುತ್ತವೆ. ಡೈ ಆರಿಸುವಾಗ ಈ ಲೆಕ್ಕವನ್ನು ಮೊದಲೇ ಮಾಡಿದರೆ ಒಂದು ಸ್ಲಾಟ್ ಉಳಿಯುತ್ತದೆ.

ಹೆಜ್ಜೆ 5: ಸಾಫ್ಟ್‌ವೇರ್ ಹೇಳಿದ್ದು ನಿಜವೇ?

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಪರೀಕ್ಷೆ ಮಾಡುವಷ್ಟೇ ಸಮಯ ನಿಮಗಿದ್ದರೆ ಇದನ್ನು ಮಾಡಿ. ಯಂತ್ರದ ಮುಂದಿದ್ದಾಗ ಲೇಸರ್ ತಗ್ಗಿಸಿ, ಒಂದು ಬೀಡನ್ನು ನಿಮ್ಮ ಡೈಯಷ್ಟೇ ಮಂಕಾಗಿಸಿ ಐನೂರು ಫ್ರೇಮ್ ತೆಗೆದುಕೊಂಡು ಬನ್ನಿ. ಮನೆಯಲ್ಲಿ ಆ ಬೀಡಿನ ಜಾಗವನ್ನು ಪ್ರತಿ ಫ್ರೇಮಿನಲ್ಲೂ ಲೆಕ್ಕ ಹಾಕಿಸಿ. ಎಕ್ಸೆಲ್‌ನಲ್ಲಿ ಪಕ್ಕದ ಕಾಲಂ ಮಾಡಿ, ಪ್ರತಿ ಫ್ರೇಮಿನ ಜಾಗದಿಂದ ಹಿಂದಿನ ಫ್ರೇಮಿನ ಜಾಗವನ್ನು ಕಳೆಯಿರಿ. ಈ ವ್ಯತ್ಯಾಸಗಳ ಸ್ಟ್ಯಾಂಡರ್ಡ್ ಡೀವಿಯೇಶನ್ ಅನ್ನು 1.41ರಿಂದ ಭಾಗಿಸಿ. ಬಂದದ್ದು ನಿಜವಾದ ಚದುರು. ಅಕ್ಕಪಕ್ಕದ ಫ್ರೇಮುಗಳ ನಡುವೆ ಡ್ರಿಫ್ಟ್ ನಡೆಯಲು ಸಮಯವೇ ಇಲ್ಲದ್ದರಿಂದ ಅದು ಇದರಲ್ಲಿ ಸೇರುವುದಿಲ್ಲ.

ಈಗ ಅದೇ ಬೀಡಿಗೆ ಸಾಫ್ಟ್‌ವೇರ್ ಕೊಟ್ಟ ಅನ್‌ಸರ್ಟನ್ಟಿಯನ್ನು ಪಕ್ಕಕ್ಕಿಡಿ. ಎರಡೂ ಹತ್ತಿರವಿದ್ದರೆ ಕ್ಯಾಮೆರಾ ಸೆಟಪ್ ಸರಿಯಾಗಿದೆ. ನಿಮ್ಮದು 9, ಅದರದ್ದು 5 ಎಂದಾದರೆ ಮೊದಲು ಗೇನ್ ನೋಡಿ, ಆಮೇಲೆ ಫಿಟ್ಟಿಂಗ್ ವಿಧಾನ ನೋಡಿ. “ಎಂಟು ಬಂದದ್ರೀ ಸರ್” ಎಂದು ಗೈಡ್ ಮುಂದೆ ನಿಂತಾಗ “ಅಳೆದು ನೋಡಿದಿ?” ಎಂಬ ಪ್ರಶ್ನೆಗೆ ಉತ್ತರ ಇರಬೇಕಲ್ಲ.

ಬೀಡಿನ ಫೈಲು ಇಲ್ಲದವರು ಪಿಕಾಸೊದಲ್ಲಿ ನೀನಾ ಎಂಬ ಲೆಕ್ಕ ಓಡಿಸಬಹುದು. ಒಂದೇ ಅಣು ಎರಡು ಅಕ್ಕಪಕ್ಕದ ಫ್ರೇಮುಗಳಲ್ಲಿ ಕಂಡಾಗ ಎರಡು ಜಾಗಗಳ ನಡುವಿನ ದೂರದಿಂದ ಅದು ಚದುರನ್ನು ಅಂದಾಜು ಮಾಡುತ್ತದೆ.

ಇನ್ನೊಂದು ಐದು ನಿಮಿಷದ ಪರೀಕ್ಷೆ. ಎಲ್ಲ ಅಣುಗಳ ಅಡ್ಡ ಜಾಗವನ್ನು ಪಿಕ್ಸೆಲ್ ಅಳತೆಯಿಂದ ಭಾಗಿಸಿ ಉಳಿದ ಶೇಷವನ್ನಷ್ಟೇ ತೆಗೆದು ಹಿಸ್ಟೋಗ್ರಾಮ್ ಮಾಡಿ. ಡ್ರಿಫ್ಟ್ ತಿದ್ದುವ ಮೊದಲಿನ ಪಟ್ಟಿಯನ್ನೇ ಬಳಸಿ. ಅಣುಗಳಿಗೆ ನಿಮ್ಮ ಕ್ಯಾಮೆರಾದ ಚೌಕಗಳ ಗೊಡವೆಯಿಲ್ಲ, ಹಾಗಾಗಿ ಹಿಸ್ಟೋಗ್ರಾಮ್ ಸಮತಟ್ಟಾಗಿರಬೇಕು. ನಡುವೆ ಗುಡ್ಡ ಎದ್ದಿದ್ದರೆ ಫಿಟ್ ಪಿಕ್ಸೆಲ್‌ನ ನಡುವಿಗೆ ಅಂಟಿಕೊಳ್ಳುತ್ತಿದೆ: ಮಚ್ಚೆ ತೀರಾ ಚಿಕ್ಕದು, ಫಿಟ್ ಕಿಟಕಿ ಸಣ್ಣದು, ಅಥವಾ ಉರಿಯುವ ಪಿಕ್ಸೆಲ್ ಅಣುವಿನ ವೇಷ ಹಾಕಿದೆ.

ಹೆಜ್ಜೆ 6: ಎರಡು ಅಣು, ಒಂದು ಮಚ್ಚೆ

ಒಂದೇ ಫ್ರೇಮಿನಲ್ಲಿ ಹತ್ತಿರದ ಎರಡು ಅಣು ಮಿನುಗಿದರೆ ಸಾಫ್ಟ್‌ವೇರ್ ಎರಡರ ನಡುವೆ, ಏನೂ ಇಲ್ಲದ ಜಾಗದಲ್ಲಿ ಒಂದು ಚುಕ್ಕಿ ಇಡುತ್ತದೆ. ಇದು ಚಿತ್ರದಲ್ಲಿ ದೋಷದಂತೆ ಕಾಣುವುದೇ ಇಲ್ಲ, ಅಪಾಯ ಇರುವುದು ಅಲ್ಲೇ. ಸಮಾನಾಂತರ ಎರಡು ಎಳೆಗಳು ಸೇರಿ ಒಂದು ದಪ್ಪ ಎಳೆಯಾಗುತ್ತವೆ. ಎಳೆಗಳು ದಾಟುವ ಜಾಗದಲ್ಲಿ ಗಂಟು ಕಟ್ಟಿದಂತೆ ಕಾಣುತ್ತದೆ. ಚೂಪಾಗಿ, ನುಣುಪಾಗಿ, ಸುಂದರವಾಗಿ ಕಾಣುತ್ತದೆ.

ಪತ್ತೆ ಹಚ್ಚಲು ಮೊದಲ ಎರಡು ಸಾವಿರ ಫ್ರೇಮಿನ ಚಿತ್ರ ಮತ್ತು ಕೊನೆಯ ಎರಡು ಸಾವಿರದ ಚಿತ್ರ ಪಕ್ಕಪಕ್ಕ ಇಡಿ. ಆರಂಭದಲ್ಲಿ ಹೆಚ್ಚು ಅಣು ಮಿನುಗುತ್ತವೆ, ಕೊನೆಗೆ ಕಡಿಮೆ. ಮೊದಲ ಚಿತ್ರದಲ್ಲಿ ಮಾತ್ರ ಗಂಟು, ಸೇತುವೆಗಳು ಇದ್ದರೆ ಅವು ಸುಳ್ಳು. ಆ ಫ್ರೇಮುಗಳನ್ನು ಎಸೆಯಿರಿ, ಡೇಟಾ ಕಡಿಮೆಯಾಯಿತೆಂದು ಮರುಗಬೇಡಿ. ಮಚ್ಚೆಯ ಅಗಲದ ಮೇಲೂ ಜರಡಿ ಹಿಡಿಯಿರಿ, ಎರಡು ಸೇರಿದ ಮಚ್ಚೆ ಸಾಮಾನ್ಯವಾಗಿ ಅಗಲವಾಗಿರುತ್ತದೆ. ಥಂಡರ್‌ಸ್ಟಾರ್ಮ್‌ನ ಡೇಟಾ ಜನರೇಟರ್‌ನಲ್ಲಿ ನಿಮ್ಮ ದಟ್ಟಣೆಯಲ್ಲೇ ನಕಲಿ ಡೇಟಾ ಮಾಡಿ, ಅದೇ ಸೆಟ್ಟಿಂಗ್‌ನಲ್ಲಿ ಓಡಿಸಿದರೆ ನಿಮ್ಮ ವಿಶ್ಲೇಷಣೆ ಎಲ್ಲಿ ಸೇತುವೆ ಕಟ್ಟುತ್ತದೆಂದು ನೇರವಾಗಿ ತಿಳಿಯುತ್ತದೆ. ಯಂತ್ರದ ಮುಂದೆ ಮಾಡಬೇಕಾದದ್ದು ಸರಳ: ಅಣುಗಳನ್ನು ಮತ್ತೆ ಎಬ್ಬಿಸುವ 405 ನ್ಯಾನೊಮೀಟರಿನ ಲೇಸರ್ ಅನ್ನು ತಗ್ಗಿಸಿ, ಮುಖ್ಯ ಲೇಸರ್ ಏರಿಸಿ, ಪರದೆಯ ಮೇಲೆ ಮಚ್ಚೆಗಳು ಒಂದಕ್ಕೊಂದು ತಾಗದಂತೆ ಮಿನುಗಲು ಶುರುವಾದ ಮೇಲೆಯೇ ರೆಕಾರ್ಡ್ ಒತ್ತಿ.

ಹೆಜ್ಜೆ 7: ಮಚ್ಚೆಯ ಆಕಾರ ಸುಳ್ಳು ಹೇಳಿದಾಗ

ಫಿಟ್ ಮಾಡುವಾಗ ನಾವು ಮಚ್ಚೆಯನ್ನು ದುಂಡಗಿನ ಗಾಸಿಯನ್ ಎಂದು ಭಾವಿಸುತ್ತೇವೆ. ಡೈ ಅಣು ಒಂದೇ ದಿಕ್ಕಿಗೆ ಗಟ್ಟಿಯಾಗಿ ಅಂಟಿಕೊಂಡು ತಿರುಗಲಾರದಂತಿದ್ದರೆ ಅದರ ಬೆಳಕು ಎಲ್ಲ ಕಡೆಗೂ ಸಮನಾಗಿ ಬರುವುದಿಲ್ಲ. ಫೋಕಸ್ ಸ್ವಲ್ಪ ತಪ್ಪಿದರೆ ಮಚ್ಚೆಯ ನಡುವು ಹತ್ತಾರು ನ್ಯಾನೊಮೀಟರ್ ಪಕ್ಕಕ್ಕೆ ಸರಿಯುತ್ತದೆ. ಸುಲಭ ಪರಿಹಾರ, ಡೈಯನ್ನು ಬಳುಕುವ ಕೊಂಡಿಯಿಂದ ಜೋಡಿಸಿ ತಿರುಗಲು ಬಿಡುವುದು ಮತ್ತು ಫೋಕಸ್ ಲಾಕ್ ಬಳಸುವುದು.

ಆಳ ಅಳೆಯುವವರಿಗೆ ತೊಂದರೆ ಹೆಚ್ಚು. ಸಿಲಿಂಡ್ರಿಕಲ್ ಲೆನ್ಸ್ ಹಾಕಿ ಮಚ್ಚೆಯನ್ನು ಅಂಡಾಕಾರ ಮಾಡಿ ಆಳ ಓದುವುದು ರೂಢಿಯ ವಿಧಾನ. ಅದರಲ್ಲಿ ಆಳದ ಚದುರು ಅಡ್ಡ ಚದುರಿಗಿಂತ ಎರಡು ಮೂರು ಪಟ್ಟು ಇರುವುದು ಸಹಜ. ಆಯಿಲ್ ಆಬ್ಜೆಕ್ಟಿವ್‌ನ ಎಣ್ಣೆಯ ವಕ್ರೀಭವನ ಸೂಚ್ಯಂಕ 1.518, ನಿಮ್ಮ ಬಫರ್ ನೀರಿನಂಥದ್ದು, ಸುಮಾರು 1.33. ಹಾಗಾಗಿ ಆಬ್ಜೆಕ್ಟಿವ್ 1,000 ನ್ಯಾನೊಮೀಟರ್ ಸರಿದರೆ ಮಾದರಿಯೊಳಗೆ ಫೋಕಸ್ ಸರಿಯುವುದು ಸುಮಾರು 700ರಿಂದ 800 ಮಾತ್ರ. ಈ ತಿದ್ದುಪಡಿ ಮಾಡದೆ ಬರೆದ ಎತ್ತರಗಳೆಲ್ಲ ಉಬ್ಬಿದ ಎತ್ತರಗಳು. ಕವರ್‌ಸ್ಲಿಪ್‌ನಿಂದ ಆಳಕ್ಕೆ ಹೋದಂತೆ ಆಕಾರವೂ ಕೆಡುತ್ತದೆ. ಗಾಜಿಗೆ ಅಂಟಿದ ಬೀಡಿನಿಂದ ಮಾಡಿದ ಕ್ಯಾಲಿಬ್ರೇಶನ್ ಗಾಜಿನ ಹತ್ತಿರಕ್ಕೆ ಮಾತ್ರ ಸರಿ.

ಎರಡು ಬಣ್ಣದವರಿಗೆ ಸಣ್ಣ ಮಾತು. ಲೆನ್ಸು ಬಣ್ಣಕ್ಕೊಂದು ಜಾಗ ತೋರಿಸುತ್ತದೆ, ಮೂಲೆಗೆ ಹೋದಂತೆ ವ್ಯತ್ಯಾಸ ಹೆಚ್ಚು. ಬೀಡುಗಳ ಫೈಲಿನಿಂದ ಎರಡು ಚಾನೆಲ್ಲುಗಳನ್ನು ಪಾಲಿನಾಮಿಯಲ್ ಮ್ಯಾಪಿಂಗ್‌ನಲ್ಲಿ ಹೊಂದಿಸಿ. ಆದರೆ ಹೊಂದಿಸಲು ಬಳಸಿದ ಬೀಡುಗಳಿಂದಲೇ ದೋಷ ಅಳೆಯಬೇಡಿ. ಅರ್ಧ ಬೀಡುಗಳಿಂದ ಹೊಂದಿಸಿ, ಉಳಿದರ್ಧದ ಮೇಲೆ ಅಳೆಯಿರಿ.

ಹೆಜ್ಜೆ 8: ‘ಕ್ಲಸ್ಟರ್’ ಎನ್ನುವ ಮೊದಲು

ಒಂದೇ ಡೈ ಅಣು ಹತ್ತಾರು ಸಲ ಮಿನುಗುತ್ತದೆ. ಪ್ರತಿ ಸಲವೂ ಜಾಗ ಚದುರಿನಷ್ಟು ಅತ್ತಿತ್ತ. ಫಲ, ಒಂದೇ ಅಣು ಹತ್ತಿಪ್ಪತ್ತು ಚುಕ್ಕಿಗಳ ಗುಂಪಾಗಿ ಕಾಣುತ್ತದೆ. ಒಂದು ಆಂಟಿಬಾಡಿಯ ಮೇಲೆ ಹಲವು ಡೈ ಇರುವುದರಿಂದ ಗುಂಪು ಇನ್ನೂ ದಟ್ಟ. “ಪೊರೆಯ ಮೇಲೆ ಪ್ರೋಟೀನ್ ಕ್ಲಸ್ಟರ್ ಕಂಡುಬಂದಿದೆ” ಎಂಬ ವಾಕ್ಯ ಬರೆಯುವ ಮೊದಲು, ಬರೀ ಗಾಜಿನ ಮೇಲೆ ಆಂಟಿಬಾಡಿಯನ್ನು ತುಂಬಾ ತೆಳುವಾಗಿ ಹರಡಿ ಅದೇ ಬಫರ್, ಅದೇ ಲೇಸರ್‌ನಲ್ಲಿ ಚಿತ್ರ ತೆಗೆಯಿರಿ. ಅಲ್ಲಿ ಕಾಣುವ ಗುಂಪಿನ ಗಾತ್ರ ಮತ್ತು ಚುಕ್ಕಿಗಳ ಸಂಖ್ಯೆ ನಿಮ್ಮ ಜೀವಕೋಶದ ‘ಕ್ಲಸ್ಟರ್’ ಜೊತೆ ಹೊಂದಿದರೆ ನೀವು ಕಂಡದ್ದು ಒಂದೊಂದೇ ಆಂಟಿಬಾಡಿ.

ಅಕ್ಕಪಕ್ಕದ ಫ್ರೇಮುಗಳ ಚುಕ್ಕಿಗಳನ್ನು ಒಂದಾಗಿಸುವ ಮರ್ಜ್ ಆಯ್ಕೆ ಸ್ವಲ್ಪ ಸಹಾಯ ಮಾಡುತ್ತದೆ. ನಿಮಿಷಗಳ ನಂತರ ಮತ್ತೆ ಎದ್ದ ಮಿನುಗನ್ನು ಅದು ಹಿಡಿಯುವುದಿಲ್ಲ. ಡೇಟಾದ ಎರಡು ಅರ್ಧಗಳ ಚಿತ್ರಗಳನ್ನು ಹೋಲಿಸಿ ರೆಸಲ್ಯೂಶನ್ ಅಳೆಯುವ ಫೂರಿಯರ್ ರಿಂಗ್ ಕೋರಿಲೇಶನ್ ಮಾಡುವವರೂ ಇದನ್ನು ನೆನಪಿಡಿ: ಡೇಟಾವನ್ನು ಬೆಸ, ಸಮ ಫ್ರೇಮುಗಳೆಂದು ಎರಡಾಗಿ ಒಡೆದರೆ ಒಂದೇ ಮಿನುಗು ಎರಡೂ ಕಡೆ ಬೀಳುತ್ತದೆ, ರೆಸಲ್ಯೂಶನ್ ಇದ್ದದ್ದಕ್ಕಿಂತ ಚೆನ್ನಾಗಿ ಬರುತ್ತದೆ. ಐನೂರು ಫ್ರೇಮುಗಳ ಕಟ್ಟುಗಳಾಗಿ ಒಡೆಯಿರಿ.

ಹೆಜ್ಜೆ 9: ಒಟ್ಟು ಲೆಕ್ಕ, ಥೀಸಿಸ್‌ಗೆ

ಒಂದಕ್ಕೊಂದು ಸಂಬಂಧವಿಲ್ಲದ ಚದುರುಗಳು ವರ್ಗವಾಗಿ ಕೂಡುತ್ತವೆ. ಫೋಟಾನ್ ಚದುರು 6.3, ಉಳಿಕೆ ಡ್ರಿಫ್ಟ್ 4, ಸೆಕೆಂಡರಿ ಆಂಟಿಬಾಡಿಯ ಹರವು 10 ಎಂದುಕೊಳ್ಳಿ. ವರ್ಗಗಳು 39.7, 16, 100. ಕೂಡಿಸಿದರೆ 155.7, ವರ್ಗಮೂಲ 12.5 ನ್ಯಾನೊಮೀಟರ್. ಎರಡು ಬಣ್ಣಗಳನ್ನು ಹೊಂದಿಸಿದ ಮೇಲೂ ಉಳಿಯುವ ಚದುರು ಇನ್ನೊಂದು 10 ಇದ್ದರೆ 16. ಎರಡು ಬಿಂದು ಬೇರೆಯಾಗಿ ಕಾಣಬೇಕಾದ ದೂರ ಬೇಕಾದರೆ 2.355ರಿಂದ ಗುಣಿಸಿ: 12.5ಕ್ಕೆ ಸುಮಾರು 29. ಕಾಲಂನಲ್ಲಿದ್ದ 6.3ಕ್ಕೂ ಈ 29ಕ್ಕೂ ಇರುವ ಅಂತರವನ್ನು ಪರೀಕ್ಷಕರು ಕೇಳುವ ಮೊದಲು ನೀವೇ ಬರೆದಿಡಿ.

ಈ ಕೂಡಿಕೆಯನ್ನು ನೋಡಿದರೆ ಎಲ್ಲಿ ಶ್ರಮ ಹಾಕಬೇಕೆಂಬುದೂ ತಿಳಿಯುತ್ತದೆ. ಮೇಲಿನ ಉದಾಹರಣೆಯಲ್ಲಿ ಫೋಟಾನ್ ನಾಲ್ಕು ಪಟ್ಟು ಮಾಡಿದರೂ 12.5 ಇಳಿದು 11.2 ಆಗುತ್ತದೆ, ಅಷ್ಟೇ. ಅದರ ಬದಲು ನ್ಯಾನೊಬಾಡಿಗೆ ಬದಲಾಯಿಸಿ ಹರವನ್ನು 3ಕ್ಕೆ ಇಳಿಸಿದರೆ ಒಟ್ಟು 8.0. ದುಬಾರಿ ಕ್ಯಾಮೆರಾದ ಸ್ಲಾಟಿಗೆ ಕಾಯುವುದಕ್ಕಿಂತ ಲೇಬಲ್ ಬದಲಾಯಿಸುವುದು ಇಲ್ಲಿ ಲಾಭ.

ಓರೆಗಳನ್ನು ಮಾತ್ರ ಈ ವರ್ಗದ ಲೆಕ್ಕಕ್ಕೆ ತುರುಕಬೇಡಿ. ಪಿಕ್ಸೆಲ್ ಅಳತೆ, ಆಳದ ತಿದ್ದುಪಡಿ, ಬಣ್ಣದ ಸರಿತ, ಇವನ್ನು ಅಳೆದು ಕಳೆಯಬೇಕು, ಕಳೆದ ಮೇಲೆ ಉಳಿದದ್ದನ್ನು ಬೇರೆ ಸಾಲಿನಲ್ಲಿ ತೋರಿಸಬೇಕು. ಎಲ್ಲ ಸೇರಿ ಸರಿಯಿದೆಯೇ ಎಂದು ಒಂದೇ ಏಟಿಗೆ ನೋಡಬೇಕಾದರೆ ಅಳತೆ ಗೊತ್ತಿರುವ ರಚನೆಯೊಂದನ್ನು ಚಿತ್ರಿಸಿ. ನ್ಯೂಕ್ಲಿಯರ್ ಪೋರ್ ಸಂಕೀರ್ಣದ ನಪ್ 96 ಪ್ರೋಟೀನ್ ಎಂಟು ಮೂಲೆಗಳ ಉಂಗುರವಾಗಿ ಕೂತಿರುತ್ತದೆ, ವ್ಯಾಸ ಸುಮಾರು 107 ನ್ಯಾನೊಮೀಟರ್, ಮೂಲೆಯಿಂದ ಮೂಲೆಗೆ ಸುಮಾರು 42. ಅದಕ್ಕೆ ಬೇಕಾದ ಕೋಶಗಳು ಸಿಗದಿದ್ದರೆ ಮೊದಲು ಹೇಳಿದ ಮೈಕ್ರೊಟ್ಯೂಬ್ಯೂಲ್ ಆದೀತು.

ಕಚ್ಚಾ ಫ್ರೇಮುಗಳನ್ನು ಅಳಿಸಬೇಡಿ. 256ಕ್ಕೆ 256 ಪಿಕ್ಸೆಲ್‌ನ 16 ಬಿಟ್ ಚಿತ್ರ, 20,000 ಫ್ರೇಮ್ ಎಂದರೆ ಸುಮಾರು 2.6 ಗಿಗಾಬೈಟ್. ಒಂದು ಟೆರಾಬೈಟಿನ ಡಿಸ್ಕಿನಲ್ಲಿ ಇಂಥವು ಮುನ್ನೂರಕ್ಕಿಂತ ಹೆಚ್ಚು ಹಿಡಿಯುತ್ತವೆ. ಕತ್ತಲೆಯ ಫ್ರೇಮು, ಬೀಡಿನ ಫೈಲು, ಕ್ಯಾಮೆರಾ ಸೆಟ್ಟಿಂಗ್ ಬರೆದ ಟೆಕ್ಸ್ಟ್ ಫೈಲು, ಮೂರನ್ನೂ ಆಯಾ ದಿನದ ಡೇಟಾದ ಫೋಲ್ಡರಿನಲ್ಲೇ ಇಡಿ, ಎಲ್ಲದರ ಒಂದು ಪ್ರತಿಯನ್ನು ಗೈಡ್ ಬಳಿಯ ಡಿಸ್ಕಿಗೂ ಹಾಕಿ.